ಐವತ್ತೈದು ದಾಟಿದ ಮೇಲೆ ವಿದೇಶಿ ವಿಶ್ವವಿದ್ಯಾಲಯಕ್ಕೆ ಸಂದರ್ಶಕ ಸಂಶೋಧಕರಾಗಿ ಹೋಗಬಹುದೇ?

ರಾಜ್ಯ ವಿಶ್ವವಿದ್ಯಾಲಯವೊಂದರಲ್ಲಿ ಘನಸ್ಥಿತಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿರುವ ತಾವು, ಐವತ್ತೈದು ದಾಟಿದ ಮೇಲೆ ವಿದೇಶದ ವಿಶ್ವವಿದ್ಯಾಲಯದಲ್ಲಿ ಸಂದರ್ಶಕ ಫೆಲೋ ಆಗಲು ಅವಕಾಶವಿದೆಯೇ, ಇದ್ದರೆ ಎಲ್ಲಿಗೆ ಅರ್ಜಿ ಹಾಕಬೇಕು ಎಂದು ಕೇಳಿದ್ದೀರಿ. ಅವಕಾಶ ಖಂಡಿತ ಇದೆ. ಆದರೆ ಅರ್ಜಿಯ ಯೋಚನೆಗೆ ಮೊದಲು, ತಮ್ಮೊಡನೆ ಕೂತು ಕೆಲಸ ಮಾಡಬಯಸುವ ಒಬ್ಬ ವಿಜ್ಞಾನಿಯನ್ನು ಅಲ್ಲಿ ಗುರುತಿಸಿಕೊಳ್ಳಿ. ಇದೇ ವಿಷಯವನ್ನು ದೀರ್ಘಕಾಲ ಪಾಠ ಹೇಳಿ ನಿವೃತ್ತನಾದ ನಾನು, ಹೀಗೆ ಹೋದವರನ್ನೂ ನಮ್ಮಲ್ಲಿಗೆ ಬಂದವರನ್ನೂ ಹತ್ತಿರದಿಂದ ಕಂಡು ಈ ಮಾತು ಹೇಳುತ್ತಿದ್ದೇನೆ.

ಹಿರಿಯರಿಗಾಗಿ ಇರುವ ಫೆಲೋಶಿಪ್‌ಗಳಲ್ಲಿ ಆತಿಥೇಯ ವಿಜ್ಞಾನಿಯ ಪಾತ್ರ ಎಷ್ಟು ದೊಡ್ಡದು ಎಂಬುದಕ್ಕೆ ಜರ್ಮನಿಯ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ಪ್ರತಿಷ್ಠಾನದ ಸಂಶೋಧನಾ ಪುರಸ್ಕಾರವೇ ಸಾಕ್ಷಿ. 80,000 ಯೂರೋಗಳ ಈ ಪುರಸ್ಕಾರಕ್ಕೆ ನಾವಾಗಿಯೇ ಅರ್ಜಿ ಹಾಕುವಂತಿಲ್ಲ. ಜರ್ಮನಿಯಲ್ಲಿ ಕೆಲಸ ಮಾಡುತ್ತಿರುವ ವಿಜ್ಞಾನಿಯೊಬ್ಬರು ನಮ್ಮನ್ನು ನಾಮನಿರ್ದೇಶನ ಮಾಡಬೇಕು. ಆಯ್ಕೆಯಾದವರು ಒಟ್ಟು ಒಂದು ವರ್ಷದವರೆಗೆ ಅಲ್ಲಿ ಇರಬಹುದು, ಆ ಅವಧಿಯನ್ನು ಕೆಲವು ಭೇಟಿಗಳಾಗಿ ಹಂಚಿಕೊಳ್ಳಲೂಬಹುದು. ಪಿಎಚ್‌.ಡಿ. ವಿದ್ಯಾರ್ಥಿಗಳನ್ನು ಬಿಟ್ಟು ಬಹುಕಾಲ ದೂರವಿರಲಾಗದ ನಮ್ಮಂಥವರಿಗೆ ಇದು ಬಹಳ ಉಪಯುಕ್ತ. ಅಮೆರಿಕಕ್ಕೆ ಹೋಗುವುದಾದರೆ ಫುಲ್‌ಬ್ರೈಟ್-ನೆಹರು ಅಕಾಡೆಮಿಕ್ ಅಂಡ್ ಪ್ರೊಫೆಷನಲ್ ಎಕ್ಸಲೆನ್ಸ್ ಫೆಲೋಶಿಪ್‌ಗೆ ನೇರವಾಗಿ ಅರ್ಜಿ ಹಾಕಬಹುದು. ಅವಧಿ ನಾಲ್ಕರಿಂದ ಒಂಬತ್ತು ತಿಂಗಳು. ಅದಕ್ಕೆ ಸಿಗುವ ಜೆ-1 ಎಂಬ ವಿನಿಮಯ ಸಂದರ್ಶಕರ ವೀಸಾದೊಡನೆ, ಹಿಂದಿರುಗಿ ಎರಡು ವರ್ಷ ಸ್ವದೇಶದಲ್ಲಿ ಇರುವವರೆಗೆ ಅಮೆರಿಕದ ಉದ್ಯೋಗ ವೀಸಾ ಅಥವಾ ಗ್ರೀನ್ ಕಾರ್ಡ್ ಪಡೆಯಲಾಗದು ಎಂಬ ನಿಯಮವೂ ಬರುತ್ತದೆ.

ಕೇಂಬ್ರಿಡ್ಜ್‌ನ ಹೆಸರನ್ನೂ ತಾವು ಪ್ರಸ್ತಾಪಿಸಿದ್ದೀರಿ. ಅಲ್ಲಿ 1966ರಲ್ಲಿ ಸ್ಥಾಪನೆಯಾದ ಕ್ಲೇರ್ ಹಾಲ್ ಕಾಲೇಜು ಹಿರಿಯ ವಿದ್ವಾಂಸರನ್ನು ಸಂದರ್ಶಕ ಫೆಲೋಗಳಾಗಿ ಬರಮಾಡಿಕೊಳ್ಳುತ್ತದೆ. ಅವಧಿ ಮುಗಿದ ಮೇಲೆ ಅವರು ಆ ಕಾಲೇಜಿನ ಆಜೀವ ಸದಸ್ಯರಾಗುತ್ತಾರೆ. ಆದರೆ ಈ ಫೆಲೋಶಿಪ್‌ಗೆ ವೇತನವಿಲ್ಲ, ಖರ್ಚಿನ ದಾರಿಯನ್ನು ನಾವೇ ನೋಡಿಕೊಳ್ಳಬೇಕು. ಆದ್ದರಿಂದ ಪ್ರಕಟಣೆಯಲ್ಲಿ ಫೆಲೋಶಿಪ್ ಎಂದು ಕಂಡ ಕೂಡಲೇ ಹಣವೂ ಇದೆ ಎಂದುಕೊಳ್ಳದೆ, ಸಂಬಳ, ವಸತಿ, ಪ್ರಯಾಣ, ಆರೋಗ್ಯ ವಿಮೆ ಈ ನಾಲ್ಕನ್ನು ಯಾರು ಭರಿಸುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ.

ಇಲ್ಲಿಯೇ ನಮ್ಮ ರಜೆಯ ನಿಯಮ ನೆರವಿಗೆ ಬರುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ, ಸಹಪ್ರಾಧ್ಯಾಪಕ ಅಥವಾ ಪ್ರಾಧ್ಯಾಪಕರಾಗಿ ಏಳು ವರ್ಷ ಪೂರೈಸಿದ ಕಾಯಂ ಅಧ್ಯಾಪಕರಿಗೆ ಒಮ್ಮೆಗೆ ಒಂದು ವರ್ಷದವರೆಗೆ, ಇಡೀ ಸೇವಾವಧಿಯಲ್ಲಿ ಎರಡು ವರ್ಷದವರೆಗೆ ಸಬ್ಯಾಟಿಕಲ್ ರಜೆಯನ್ನು, ಅಂದರೆ ಅಧ್ಯಯನ ಮತ್ತು ಸಂಶೋಧನೆಗೆಂದೇ ಕೊಡುವ ರಜೆಯನ್ನು, ಪೂರ್ಣ ವೇತನದೊಡನೆ ಮಂಜೂರು ಮಾಡಬಹುದು. ಆ ಅವಧಿಯಲ್ಲಿ ಫೆಲೋಶಿಪ್ ಪಡೆಯುವುದಕ್ಕೂ ಅವಕಾಶ ಕೊಡಬಹುದು, ಬೇರೆಡೆ ಕಾಯಂ ಹುದ್ದೆ ಸ್ವೀಕರಿಸುವಂತಿಲ್ಲ. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಇದನ್ನು ಕೇಳುವವರೇ ಕಡಿಮೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಇನ್ನು ಕೆಲಸದ ವಿಚಾರ. ಫೆಲೋಶಿಪ್ ಸಿಕ್ಕಿದ ಮಾತ್ರಕ್ಕೆ ದೊಡ್ಡ ಉಪಕರಣಗಳ ಸಮಯ ಸಿಗುವುದಿಲ್ಲ. ವಸ್ತುಗಳ ರಚನೆಯನ್ನು ನೋಡಲು ತೀವ್ರ ಎಕ್ಸ್-ಕಿರಣ ಒದಗಿಸುವ ಯಂತ್ರವಾದ ಹ್ಯಾಂಬರ್ಗ್‌ನ ಪೆಟ್ರಾ-3 ಸಿಂಕ್ರೊಟ್ರಾನ್‌ನಂಥ ಸೌಲಭ್ಯದಲ್ಲಿ ಬೀಮ್‌ಟೈಮ್‌ಗೆ, ಅಂದರೆ ಆ ಕಿರಣವನ್ನು ಬಳಸುವ ಸಮಯಕ್ಕೆ, ಪ್ರತ್ಯೇಕ ಪ್ರಸ್ತಾವ ಸಲ್ಲಿಸಬೇಕು, ಅದಕ್ಕೆ ಬೇರೆಯೇ ಆಯ್ಕೆ ಇರುತ್ತದೆ. ಭಾರತೀಯರು ಅದನ್ನು ಬಳಸುವ ಯೋಜನೆಯನ್ನು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರವೇ ಸಂಯೋಜಿಸುತ್ತ ಬಂದಿದೆ. ಹೊರಡುವ ಮೊದಲು ಅಲ್ಲಿ ವಿಚಾರಿಸಿ.

ಭೇಟಿಯ ಫಲವನ್ನು ಹೇಗೆ ಅಳೆಯಬೇಕು ಎಂದಾಗಲೆಲ್ಲ ನನಗೆ ಜರ್ಮನ್ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ನೆನಪಾಗುತ್ತಾರೆ. ನಾಜಿಗಳ ಕಾಲದಲ್ಲಿ ಗಾಟಿಂಗೆನ್‌ನ ಹುದ್ದೆ ಕಳೆದುಕೊಂಡಿದ್ದ ಅವರನ್ನು ಸಿ.ವಿ. ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿದರು. 1935-36ರಲ್ಲಿ ಅವರು ಇಲ್ಲಿದ್ದದ್ದು ಸುಮಾರು ಆರು ತಿಂಗಳು. ಅವರನ್ನು ಕಾಯಂ ಆಗಿ ಉಳಿಸಿಕೊಳ್ಳುವ ರಾಮನ್ನರ ಪ್ರಯತ್ನ ಕೈಗೂಡಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು. ಆದರೆ ಅಷ್ಟರಲ್ಲೇ ರಾಮನ್ನರ ತರುಣ ಸಹೋದ್ಯೋಗಿ ಎನ್.ಎಸ್. ನಾಗೇಂದ್ರನಾಥರೊಡನೆ ಅವರು ಬೆಳಕಿನ ನ್ಯೂಟ್ರಿನೊ ಸಿದ್ಧಾಂತದ ಮೇಲೆ, ಅಂದರೆ ಬೆಳಕಿನ ಕಣವು ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳಿಂದ ಆದದ್ದು ಎಂಬ ಕಲ್ಪನೆಯ ಮೇಲೆ, ಕೆಲಸ ಮಾಡಿದ್ದರು, ಅದು 1936ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಸಿದ್ಧಾಂತ ಮುಂದೆ ನಿಲ್ಲಲಿಲ್ಲ ಎಂಬುದು ಬೇರೆ ಮಾತು. ಮುಂದೆ ನೊಬೆಲ್ ಪಡೆದ ಹಿರಿಯರೊಬ್ಬರು ಬಂದ ಊರಿನ ತರುಣನ ಜೊತೆ ಕೂತು ಲೆಕ್ಕ ಮಾಡಿದರಲ್ಲ, ನನಗೆ ಮುಖ್ಯವಾಗಿ ಕಾಣುವುದು ಅದು.

ಹಾಗಾಗಿ ಆತಿಥೇಯರಿಗೆ ಬರೆಯುವ ಮೊದಲ ಪತ್ರದಲ್ಲಿ ತಮ್ಮ ಪ್ರಕಟಣೆಗಳ ಪಟ್ಟಿಗಿಂತ, ಅವರ ಇತ್ತೀಚಿನ ಪ್ರಬಂಧದಲ್ಲಿ ಬಿಡಿಸದೆ ಉಳಿದಿರುವ ಒಂದು ಪ್ರಶ್ನೆಗೆ ತಮ್ಮಲ್ಲಿರುವ ಮಾದರಿ ಅಥವಾ ವಿಧಾನ ಹೇಗೆ ಉತ್ತರ ಕೊಡಬಹುದು ಎಂಬುದನ್ನು ಒಂದು ಪುಟದಲ್ಲಿ ವಿವರಿಸಿ. ಅವರ ಗುಂಪಿನ ಯಾವ ಕಿರಿಯ ಸಂಶೋಧಕರು ಈ ಕೆಲಸದಲ್ಲಿ ಜೊತೆಯಾಗಬಹುದು ಎಂದೂ ಕೇಳಿ. ಒಪ್ಪಿಗೆ, ಆಯ್ಕೆ, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ಅನುಮತಿ, ನಿರಾಕ್ಷೇಪಣಾ ಪತ್ರ, ವೀಸಾ ಎಲ್ಲ ಸೇರಿ ಒಂದೂವರೆ ವರ್ಷವಾದರೂ ಹಿಡಿಯುತ್ತದೆ. ನಿವೃತ್ತಿಗೆ ಉಳಿದಿರುವ ವರ್ಷಗಳನ್ನು ನೋಡಿದರೆ, ಆ ಪತ್ರವನ್ನು ತಾವು ಈ ತಿಂಗಳೇ ಬರೆಯುವುದು ಒಳ್ಳೆಯದು.