ಗದಗಿನವರಿಗೆ ಎಲ್ಲಿಯ ಗಡಿ ಅಂತ ಕೇಳಿದಿರಲ್ಲ

ನಾವು ಗದಗಿನವರೂ ಗಡಿಯವರೇ ಅಂದಿದ್ದಕ್ಕೆ ನೀವು ಕೇಳಿದ ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ನಕಾಶೆ ನೋಡಿದರೆ ಗದಗ ಜಿಲ್ಲೆಗೆ ಬೇರೆ ಯಾವ ರಾಜ್ಯವೂ ತಾಗುವುದಿಲ್ಲ. ಹಾವೇರಿಗೂ ಇಲ್ಲ, ಹುಬ್ಬಳ್ಳಿ-ಧಾರವಾಡಕ್ಕೂ ಇಲ್ಲ. ಬೆಳಗಾವಿಯವರು ಗಡಿನಾಡು ಅಂದರೆ ಒಪ್ಪಬಹುದು, ನಿಮಗೇನು ಅಂತ ಕೇಳಿದಿರಿ. ಮೈಸೂರು, ಮಂಡ್ಯ ಕಡೆಯವರಿಗೆ ಹಾಗೆ ಅನ್ನಿಸುವುದು ಸಹಜ. ನಿಮ್ಮ ಹಿರಿಯರು ಒಬ್ಬ ಮಹಾರಾಜರ ಕೆಳಗೆ, ಒಂದೇ ಸರ್ಕಾರದ ಕಾಯಿದೆಯಲ್ಲಿ ಬಾಳಿದರು. ನಮ್ಮ ಹಿರಿಯರ ಹೊಲಕ್ಕೂ ಹೆಣ್ಣು ತಂದ ಊರಿಗೂ ನಡುವೆ ಗಡಿ ಇತ್ತು.

ಹುಬ್ಬಳ್ಳಿಯಿಂದ ಹರಿಹರಕ್ಕೆ ರೈಲಿನಲ್ಲಿ ಹೋಗಿರುತ್ತೀರಿ, ಅಲ್ವಾ? ಅದೇ ದಾರಿಯನ್ನು 1947ರಲ್ಲಿ ಇಟ್ಟು ನೋಡಿ. ಹುಬ್ಬಳ್ಳಿ ಮುಂಬೈ ಪ್ರಾಂತ್ಯ. ಸ್ವಲ್ಪ ಹೊತ್ತಿಗೆ ಕುಂದಗೋಳ ಬರುತ್ತದೆ, ಅದು ಜಮಖಂಡಿ ಸಂಸ್ಥಾನ. ಜಮಖಂಡಿ ಇರುವುದು ಎಲ್ಲೋ ಕೃಷ್ಣೆಯ ಕಡೆ, ಕುಂದಗೋಳ ಇಲ್ಲಿ. ಆದರೂ ಕಂದಾಯ ಅಲ್ಲಿನ ರಾಜರಿಗೆ. ಮುಂದೆ ಗುಡಗೇರಿ, ಅದು ಮೀರಜಿನ ಪಟವರ್ಧನರದ್ದು. ಎಲವಿಗಿ ದಾಟಿದರೆ ಸವಣೂರು ನವಾಬರ ಸೀಮೆ ಹತ್ತಿರ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮತ್ತೆ ಮುಂಬೈ. ತುಂಗಭದ್ರೆಯ ಸೇತುವೆ ದಾಟಿ ಹರಿಹರಕ್ಕೆ ಇಳಿದರೆ ಮೈಸೂರು. ಒಂದು ಹೊತ್ತಿನ ಪ್ರಯಾಣದಲ್ಲಿ ಇಷ್ಟು ಧಣಿಗಳು.

ಗದಗಿನಿಂದ ಹೊಸಪೇಟೆಗೆ ಹೊರಟರೂ ಹೀಗೇ. ಹರ್ಲಾಪುರ ಬಿಟ್ಟು ಬನ್ನಿಕೊಪ್ಪಕ್ಕೆ ಬಂದರೆ ಹೈದರಾಬಾದ್ ನಿಜಾಮರ ರಾಜ್ಯ. ಕೊಪ್ಪಳ ಅವರದೇ, ಮುನಿರಾಬಾದೂ ಅವರದೇ. ಹೊಳೆ ದಾಟಿದ ಮೇಲೆ ಹೊಸಪೇಟೆ ಮದ್ರಾಸ್ ಪ್ರಾಂತ್ಯ. ರೈಲಿನಲ್ಲಿ ಕೂತವರು ಆಡುವ ಮಾತು ಮಾತ್ರ ಎಲ್ಲ ಕಡೆಯೂ ಕನ್ನಡವೇ.

ಇದು ಹೀಗಾಗಿದ್ದು ಹೇಗೆ ಅಂದರೆ, ಸಾಂಗಲಿ, ಮೀರಜ್, ಜಮಖಂಡಿಯ ರಾಜರೆಲ್ಲ ಪಟವರ್ಧನ ಮನೆತನದವರು, ಮರಾಠ ಪೇಶ್ವೆಗಳ ಸರದಾರರು. ಅವರಿಗೆ ಸಿಕ್ಕ ಜಹಗೀರು ಒಂದೇ ಕಡೆ ಇರಲಿಲ್ಲ, ಚೂರುಚೂರಾಗಿ ಹರಡಿತ್ತು. 1818ರಲ್ಲಿ ಪೇಶ್ವೆ ಸೋತಾಗ ಇಂಗ್ಲಿಷರು ದೊಡ್ಡ ಭಾಗವನ್ನು ತಾವು ಇಟ್ಟುಕೊಂಡರು. ತಮಗೆ ತಲೆಬಾಗಿದ ಸರದಾರರ ಚೂರುಗಳನ್ನು ಅವರವರಿಗೇ ಬಿಟ್ಟರು. ಹಾಗಾಗಿ ಶಿರಹಟ್ಟಿ ಸಾಂಗಲಿಗೆ, ಲಕ್ಷ್ಮೇಶ್ವರ ಮೀರಜಿಗೆ, ಕುಂದಗೋಳ ಜಮಖಂಡಿಗೆ ಉಳಿದವು. ಶಿರಹಟ್ಟಿಯಿಂದ ಲಕ್ಷ್ಮೇಶ್ವರ ಎಷ್ಟು ದೂರ? ಸಂತೆಗೆ ಹೋಗಿ ಮಧ್ಯಾಹ್ನಕ್ಕೆ ಮನೆಗೆ ಬರಬಹುದು. ರಾಜರು ಮಾತ್ರ ಬೇರೆ ಬೇರೆ.

ನಮ್ಮ ಅಜ್ಜನದು ಲಕ್ಷ್ಮೇಶ್ವರ ಕಡೆಯ ಹಳ್ಳಿ. ಮನೆಯಲ್ಲಿ ಇವತ್ತಿಗೂ ಒಂದು ಕಟ್ಟಿಗೆ ಪೆಟ್ಟಿಗೆ ಇದೆ, ಅದರೊಳಗೆ ಹೊಲದ ಹಳೆ ಕಾಗದ. ಎಲ್ಲಾ ಮೋಡಿ ಲಿಪಿಯಲ್ಲಿದೆ, ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿ ಅದು. ಅಕ್ಷರಗಳು ಒಂದಕ್ಕೊಂದು ಜೋತುಬಿದ್ದು ಓಡುತ್ತವೆ, ಮೇಲೆ ಒಂದೇ ಗೆರೆ. ಮನೆಮಂದಿ ಯಾರೂ ಅದನ್ನು ಓದಲಾರೆವು. ಕನ್ನಡ ಬಿಟ್ಟು ಬೇರೆ ಮಾತು ಬಾರದ ರೈತನ ಹೊಲದ ಹಕ್ಕು ಅವನಿಗೆ ಓದಲಾಗದ ಲಿಪಿಯಲ್ಲಿತ್ತು. ಹೆಬ್ಬೆಟ್ಟು ಒತ್ತುವಾಗ ಏನು ಬರೆದಿದ್ದಾರೆ ಅಂತ ಕೇಳುವ ಧೈರ್ಯ ಎಷ್ಟು ಜನಕ್ಕೆ ಇದ್ದಿರಬಹುದು? ಆ ಪೆಟ್ಟಿಗೆ ತೆರೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹೊಲದ ತಕರಾರು ಬಂದಾಗ ಮೋಡಿ ಓದುವವರನ್ನು ಹುಡುಕಿಕೊಂಡು ಧಾರವಾಡಕ್ಕೆ ಅಲೆಯುವ ಮನೆಗಳು ಇನ್ನೂ ಇವೆ.

1947ರ ಆಗಸ್ಟ್ 15ಕ್ಕೆ ಹುಬ್ಬಳ್ಳಿ, ಧಾರವಾಡ, ಗದಗದಲ್ಲಿ ಬಾವುಟ ಏರಿತು. ಸಂಸ್ಥಾನಗಳು ಭಾರತಕ್ಕೆ ಸೇರಿದ್ದವು, ಆದರೆ ಒಳಗಿನ ಆಡಳಿತ ಇನ್ನೂ ರಾಜರದ್ದೇ. ಅದು ಮುಗಿದದ್ದು 1948ರ ಮಾರ್ಚ್ 8ಕ್ಕೆ. ಅವತ್ತು ದಖ್ಖನಿನ ಸಣ್ಣ ಸಂಸ್ಥಾನಗಳು ಮುಂಬೈಯಲ್ಲಿ ವಿಲೀನವಾದವು. ಸರದಾರ್ ಪಟೇಲರು, ವಿ.ಪಿ. ಮೆನನ್ ಅವರು ದೇಶದ ಐನೂರಕ್ಕೂ ಜಾಸ್ತಿ ಸಂಸ್ಥಾನಗಳನ್ನು ಕೂಡಿಸಿದ ಕತೆ ನೀವು ಶಾಲೆಯಲ್ಲಿ ಓದಿದ್ದೀರಿ. ಅದರಲ್ಲಿ ಹೈದರಾಬಾದ್, ಜುನಾಗಢ, ಕಾಶ್ಮೀರ ಬರುತ್ತವೆ. ಸವಣೂರು, ಕುಂದಗೋಳ ಬರುವುದಿಲ್ಲ. ಅಲ್ಲಿ ಗುಂಡು ಹಾರಲಿಲ್ಲ, ಅದಕ್ಕೇ ಇರಬೇಕು. ಆದರೆ ಕುಂದಗೋಳದ ರೈತನಿಗೆ ಅವತ್ತಿನಿಂದ ಮಾಮಲೇದಾರ ಕಚೇರಿ, ಕೋರ್ಟು, ಕಂದಾಯದ ಲೆಕ್ಕ ಎಲ್ಲಾ ಬೇರೆ ಆಯಿತು. ಸಣ್ಣ ವಿಷಯವಲ್ಲ ಅದು.

ಮೂಡಣ ದಿಕ್ಕಿನ ಕತೆ ಬೇರೆ. ನಿಜಾಮರ ಸೀಮೆಗೆ ನಮ್ಮ ಕಡೆ ಮೊಗಲಾಯಿ ಅನ್ನುತ್ತಾರೆ. ನಮ್ಮ ಅಜ್ಜಿ ಮೊಗಲಾಯಿಯ ಮಗಳು, ಅಳವಂಡಿ ಕಡೆಯವಳು. ಮುಂಡರಗಿಯಿಂದ ಅಳವಂಡಿ ಪಕ್ಕದಲ್ಲೇ. ತವರಿಗೆ ಹೋಗಿ ಬರುವಾಗ ಕರೋಡಗಿರಿ ನಾಕಾದಲ್ಲಿ ಗಾಡಿ ನಿಲ್ಲಿಸಿ ಗಂಟು ಬಿಚ್ಚಿಸುತ್ತಿದ್ದರಂತೆ. ಕರೋಡಗಿರಿ ಅಂದರೆ ನಿಜಾಮ ಸರ್ಕಾರದ ಸುಂಕದ ಇಲಾಖೆ. ಕುಬಸದ ಖಣ ಹೊಸದೋ ಹಳೇದೋ ಅಂತ ಗಂಡಸರು ಕೈಹಾಕಿ ನೋಡುತ್ತಿದ್ದರು ಅಂತ ಹೇಳುವಾಗ ಎಂಬತ್ತು ದಾಟಿದ ಮೇಲೂ ಅವಳ ಮುಖ ಕೆಂಪಾಗುತ್ತಿತ್ತು. ದುಡ್ಡೂ ಬೇರೆ. ಅಲ್ಲಿ ಹಾಲಿ ಸಿಕ್ಕಾ ನಡೆಯುತ್ತಿತ್ತು. ಅಲ್ಲಿಯ ಏಳು ರೂಪಾಯಿ ಕೊಟ್ಟರೆ ಇಲ್ಲಿಯ ಆರು ರೂಪಾಯಿ, ಹೆಚ್ಚುಕಡಿಮೆ ಅದೇ ಲೆಕ್ಕ.

ದೇಶ ಸ್ವತಂತ್ರವಾದಾಗ ನಿಜಾಮರು ಸೇರಲಿಲ್ಲ. ನವೆಂಬರಿನಲ್ಲಿ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಆಯಿತು. ಅಲ್ಲಿ ತ್ರಿವರ್ಣ ಬಾವುಟ ಹಾರಿಸಿದವರು ಜೈಲಿಗೆ ಹೋದರು. ನಿಜಾಮರ ಪರ ನಿಂತ ಖಾಸಗಿ ಪಡೆ, ಕಾಸಿಂ ರಜ್ವಿಯ ರಜಾಕಾರರು, ಹಳ್ಳಿಗಳಿಗೆ ನುಗ್ಗತೊಡಗಿದರು. ಜನ ಗಾಡಿ ಕಟ್ಟಿಕೊಂಡು ಈಚೆ ಬಂದರು. ಮುಂಡರಗಿ, ಗಜೇಂದ್ರಗಡ, ಗದಗಿನ ಮನೆಗಳಲ್ಲಿ ಬೀಗರೂ ಬೀಗರ ಬೀಗರೂ ತಿಂಗಳುಗಟ್ಟಲೆ ಉಳಿದರು. ಅಡುಗೆಮನೆಯ ಹೆಂಗಸರು ಎಷ್ಟು ರೊಟ್ಟಿ ಬಡಿದರೋ ಯಾರು ಬರೆದಿಟ್ಟಿದ್ದಾರೆ? ಗಡಿಯ ಈಚೆ ಹೋರಾಟದ ಶಿಬಿರಗಳು ನಡೆದವು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ ಮುಂದಾಳು. ಹುಡುಗರು ರಾತ್ರಿ ಗಡಿ ದಾಟಿ ನಾಕಾ, ಪೊಲೀಸ್ ಠಾಣೆಗಳ ಮೇಲೆ ಬಿದ್ದು ಬೆಳಗಾಗುವುದರೊಳಗೆ ಈಚೆ ಬರುತ್ತಿದ್ದರು.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳನುಗ್ಗಿತು, 17ಕ್ಕೆ ನಿಜಾಮರು ಸೋತರು. ಇಲ್ಲಿ ಒಂದು ಮಾತು ಹೇಳಲೇಬೇಕು. ಆಮೇಲಿನ ದಿನಗಳಲ್ಲಿ ಹೈದರಾಬಾದ್ ರಾಜ್ಯದ ಹಲವು ಜಿಲ್ಲೆಗಳಲ್ಲಿ ಯಾವ ತಪ್ಪೂ ಮಾಡದ ಮುಸಲ್ಮಾನರು ಸತ್ತರು. ಬೀದರ್, ಗುಲ್ಬರ್ಗಾ, ಉಸ್ಮಾನಾಬಾದ್, ನಾಂದೇಡ್ ಕಡೆ ಅದು ಬಹಳ ಕ್ರೂರವಾಗಿತ್ತು. ಅದನ್ನು ವಿಚಾರಿಸಲು ನೆಹರೂ ಅವರೇ ಪಂಡಿತ್ ಸುಂದರಲಾಲರ ಸಮಿತಿ ಕಳಿಸಿದರು. ವಿಮೋಚನೆಯ ಸಂತೋಷದ ಜೊತೆಗೆ ಇದನ್ನೂ ನಮ್ಮ ಮಕ್ಕಳಿಗೆ ಹೇಳಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ರಾಜರು ಹೋದರು, ಇನ್ನೇನು ಕನ್ನಡದವರೆಲ್ಲ ಒಂದಾಗುತ್ತೇವೆ ಅಂತ ಧಾರವಾಡದವರು ಎಣಿಸಿದ್ದರು. ಆ ಆಸೆ ಅವತ್ತಿನದಲ್ಲ. 1890ರಲ್ಲೇ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತ್ತು. ಆಲೂರು ವೆಂಕಟರಾಯರು ಜೀವನವನ್ನೇ ಅದಕ್ಕೆ ಸವೆಸಿದ್ದರು. ಆದರೆ ದೆಹಲಿ ಹಿಂದೆ ಸರಿಯಿತು. ದೇಶ ಆಗಷ್ಟೇ ಎರಡು ಹೋಳಾಗಿತ್ತು. ಈಗ ಭಾಷೆ ಅಂತ ಹೊರಟರೆ ಇನ್ನಷ್ಟು ಒಡೆಯುತ್ತದೆ ಅನ್ನುವ ಹೆದರಿಕೆ. 1948ರಲ್ಲಿ ಧರ್ ಆಯೋಗ ಭಾಷೆಯ ಮೇಲೆ ರಾಜ್ಯ ಬೇಡ ಅಂದಿತು. ಆಮೇಲೆ ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯನವರ ಸಮಿತಿಯೂ ಸದ್ಯಕ್ಕೆ ತಡೆಯಿರಿ ಅಂದಿತು. ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ನಮ್ಮವರು ಕೇಳಿದ್ದು ಒಡೆಯುವುದನ್ನಲ್ಲ, ಕೂಡಿಸುವುದನ್ನು. ಕನ್ನಡಿಗರು ಮುಂಬೈ, ಮದ್ರಾಸ್, ಹೈದರಾಬಾದ್, ಮೈಸೂರು, ಕೊಡಗು ಅಂತ ಐದು ಕಡೆ ಹಂಚಿಹೋಗಿದ್ದರು. ಮೈಸೂರು, ಕೊಡಗು ಬಿಟ್ಟರೆ ಉಳಿದ ಕಡೆ ಇನ್ನೊಬ್ಬರ ರಾಜ್ಯದ ಅಂಚಿನವರು.

ತೆಲುಗರಿಗೆ ಬೇರೆ ರಾಜ್ಯ ಬೇಕು ಅಂತ ಪೊಟ್ಟಿ ಶ್ರೀರಾಮುಲು ಅವರು 1952ರ ಡಿಸೆಂಬರಿನಲ್ಲಿ ಉಪವಾಸವಿದ್ದು ಪ್ರಾಣಬಿಟ್ಟ ಮೇಲೆ ಆಂಧ್ರ ಕೊಡಲು ದೆಹಲಿ ಒಪ್ಪಿತು. ನಮ್ಮಲ್ಲಿ ಸಿಟ್ಟು ಹೊತ್ತಿಕೊಂಡಿತು. ಹುಬ್ಬಳ್ಳಿ ಪಕ್ಕದ ಅದರಗುಂಚಿ ನೋಡಿದ್ದೀರಾ? ಹುಬ್ಬಳ್ಳಿಯವರಿಗೆ ಅದು ದಿನಾ ಹೋಗಿ ಬರುವ ದೂರ. 1953ರಲ್ಲಿ ಆ ಊರಿನ ಶಂಕರಗೌಡ ಪಾಟೀಲರು ಕರ್ನಾಟಕ ಒಂದಾಗಬೇಕು ಅಂತ ಉಪವಾಸಕ್ಕೆ ಕೂತರು. 23 ದಿನ. ಸುತ್ತಲ ಹಳ್ಳಿಯ ಜನ ಚಕ್ಕಡಿ ಹೂಡಿಕೊಂಡು ಅವರನ್ನು ನೋಡಲು ಬಂದರು. ಆ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ಪ್ರದೇಶ ಕಾಂಗ್ರೆಸ್ಸಿನ ಸಭೆ. ಗಟ್ಟಿ ನಿರ್ಧಾರ ತೆಗೆದುಕೊಳ್ಳಿ ಅಂತ ಸಾವಿರಾರು ಜನ ಮುತ್ತಿಗೆ ಹಾಕಿದರು. ದೊಡ್ಡ ಗಲಾಟೆಯೇ ಆಯಿತು, ಬಹಳ ಜನ ಜೈಲು ಸೇರಿದರು. ರೋಣ ತಾಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರಂಥವರು ಮುಂಬೈ ವಿಧಾನಸಭೆಯ ಒಳಗೂ ಹೊರಗೂ ಇದೇ ಮಾತಿಗೆ ಪಟ್ಟುಹಿಡಿದರು. ಏಕೀಕರಣ ಅಂದರೆ ನವೆಂಬರ್ ಒಂದರ ಮೆರವಣಿಗೆ ಅಂದುಕೊಂಡವರಿಗೆ ಅದರಗುಂಚಿ, ಜಕ್ಕಲಿಯ ಹೆಸರೇ ಗೊತ್ತಿರುವುದಿಲ್ಲ. ಇದು ನನಗೆ ನಿಜವಾಗಿ ನೋವಿನ ಸಂಗತಿ.

ಆ ವರ್ಷದ ಕೊನೆಗೆ ರಾಜ್ಯಗಳನ್ನು ಹೊಸದಾಗಿ ವಿಂಗಡಿಸುವ ಫಜಲ್ ಅಲಿ ಆಯೋಗ ನೇಮಕವಾಯಿತು, 1955ರಲ್ಲಿ ವರದಿ ಬಂತು, 1956ರ ನವೆಂಬರ್ 1ಕ್ಕೆ ನಾವೆಲ್ಲ ಒಂದು ರಾಜ್ಯ. ಹೆಸರು ಮಾತ್ರ ಮೈಸೂರು. ಕರ್ನಾಟಕ ಅನ್ನುವ ಹೆಸರಿಗೆ 1973ರ ತನಕ ಕಾಯಬೇಕಾಯಿತು. ಮೈಸೂರಿನವರಲ್ಲೂ ಒಂದಾಗುವುದು ಬೇಡ ಅಂದವರಿದ್ದರು. ಅದನ್ನು ಲೆಕ್ಕಿಸದೆ ಏಕೀಕರಣದ ಪರ ನಿಂತ ಕೆಂಗಲ್ ಹನುಮಂತಯ್ಯನವರನ್ನು ನಮ್ಮ ಕಡೆ ಇವತ್ತಿಗೂ ಪ್ರೀತಿಯಿಂದ ನೆನೆಯುತ್ತಾರೆ.

ಕಾಗದದ ಮೇಲೆ ಒಂದಾದ ಕೂಡಲೇ ಎಲ್ಲಾ ಒಂದಾಗುವುದಿಲ್ಲ. ಇಲ್ಲಿ ಮುಂಬೈಯ ಜಮೀನು ಕಾಯಿದೆ, ಅಲ್ಲಿ ಹೈದರಾಬಾದಿನದು, ನಿಮ್ಮಲ್ಲಿ ಮೈಸೂರಿನದು. ಅವನ್ನೆಲ್ಲ ಸರಿಹೊಂದಿಸಲು ವರ್ಷಗಳೇ ಹಿಡಿದವು. ಕರ್ನಾಟಕ ವಿಶ್ವವಿದ್ಯಾಲಯ ನಮಗೆ ಮೊದಲೇ ಸಿಕ್ಕಿತ್ತು. 1949ರಲ್ಲಿ ಮುಂಬೈಯಲ್ಲಿ ಶುರುವಾಗಿ ಮರುವರ್ಷ ಧಾರವಾಡಕ್ಕೆ ಬಂತು. ಹೈಕೋರ್ಟಿಗೆ ಮೊದಲು ಮುಂಬೈಗೆ ಹೋಗುತ್ತಿದ್ದರು, ಆಮೇಲೆ ಬೆಂಗಳೂರಿಗೆ. ಹೊಲದ ಒಂದು ಕೇಸಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗಿ, ತಾರೀಖು ಮುಂದೆ ಹೋಯಿತು ಅಂತ ತಿರುಗಿ ಬಂದ ರೈತರನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ವಕೀಲರು ಬಹಳ ವರ್ಷ ಹೋರಾಡಿದ ಮೇಲೆ 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಜಿಲ್ಲಾ ಕಚೇರಿಯೂ ಹಾಗೆಯೇ. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಅಲ್ಲಿಯವರೆಗೆ ರಾಣೆಬೆನ್ನೂರಿನವರೂ ಮುಂಡರಗಿಯವರೂ ಎಲ್ಲದಕ್ಕೂ ಧಾರವಾಡಕ್ಕೆ ಬರಬೇಕಿತ್ತು.

ಹಳೆ ಗಡಿ ಪೂರ್ತಿ ಹೋಯಿತಾ ಅಂತ ಕೇಳಿದರೆ, ಇಲ್ಲ. ಸಂವಿಧಾನದ 371ಜೆ ಕಲಮಿನ ಪ್ರಕಾರ ಹಳೆ ಹೈದರಾಬಾದ್ ಕರ್ನಾಟಕದವರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಇದೆ. ಬಳ್ಳಾರಿ ಮದ್ರಾಸಿನಲ್ಲಿದ್ದ ಜಿಲ್ಲೆಯಾದರೂ ಅದನ್ನೂ ಸೇರಿಸಿದ್ದಾರೆ. ಕೊಪ್ಪಳ ಅದರಲ್ಲಿದೆ, ಗದಗ ಇಲ್ಲ. ಅಜ್ಜಿಯ ತವರಿನ ಮೊಮ್ಮಕ್ಕಳಿಗೆ ಆ ಸರ್ಟಿಫಿಕೇಟ್ ಸಿಗುತ್ತದೆ, ಮುಂಡರಗಿಯ ಹುಡುಗರಿಗೆ ಸಿಗುವುದಿಲ್ಲ. ಅದೇ ಎರೆಮಣ್ಣು, ಅದೇ ಮಳೆ, ಅದೇ ಕಡಲೆ ಬೆಳೆ. ಆದರೂ ಅವರಿಗೆ ಸಿಕ್ಕಿದ್ದು ನನಗೆ ಹೊಟ್ಟೆಕಿಚ್ಚಿನ ವಿಷಯವಲ್ಲ. ನಿಜಾಮರ ಕಾಲದಲ್ಲಿ ಶಾಲೆ, ದವಾಖಾನೆ, ರಸ್ತೆ ಯಾವುದೂ ಸರಿಯಾಗಿ ಕಾಣದ ಸೀಮೆ ಅದು. ಕನ್ನಡದ ಮಕ್ಕಳು ಉರ್ದುವಿನಲ್ಲಿ ಓದಬೇಕಾಗಿತ್ತು. ಅವರ ಹಿಂದಿನ ಬಾಕಿ ತೀರಲಿ. ನಮ್ಮ ಮುಂಡರಗಿ, ಶಿರಹಟ್ಟಿ ತಾಲೂಕುಗಳ ಒಣ ಹಳ್ಳಿಗಳನ್ನೂ ಸರ್ಕಾರ ಬೇರೆಯಾಗಿ ಲೆಕ್ಕ ಹಾಕಿ ನೋಡಲಿ ಅಂತಷ್ಟೇ ನಾವು ಕೇಳುತ್ತಿರುವುದು.

ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕ ಆಯಿತು, ಮುಂಬೈ ಕರ್ನಾಟಕ 2021ರಲ್ಲಿ ಕಿತ್ತೂರು ಕರ್ನಾಟಕ ಆಯಿತು. ಮನೆಯ ಮಾತಿನಲ್ಲಿ ಮೊಗಲಾಯಿ ಇನ್ನೂ ಮೊಗಲಾಯಿಯೇ. ಸೆಪ್ಟೆಂಬರ್ 17ರಂದು ಕೊಪ್ಪಳದ ಶಾಲೆಗಳಲ್ಲಿ ಬಾವುಟ ಏರುತ್ತದೆ, ಆ ಹೋರಾಟಕ್ಕೆ ನೆಲೆ ಕೊಟ್ಟ ಮುಂಡರಗಿಯ ಶಾಲೆಗಳಲ್ಲಿ ಅವತ್ತು ಎಂದಿನಂತೆ ಪಾಠ. ನಮ್ಮ ತಾಲೂಕಿನ ಮಾಸ್ತರರಿಗೆ ನಾನು ಸಿಕ್ಕಾಗಲೆಲ್ಲ ಒಂದು ಮಾತು ಹೇಳುತ್ತಿರುತ್ತೇನೆ. ಅವತ್ತೊಂದು ದಿನ ಶಿಬಿರದ ಕತೆ ಗೊತ್ತಿರುವ ಮುದುಕರು ಯಾರಾದರೂ ಉಳಿದಿದ್ದರೆ ಶಾಲೆಗೆ ಕರೆಸಿ, ಮಕ್ಕಳ ಎದುರು ಕೂರಿಸಿ ಮಾತಾಡಿಸಿ. ನೀವು ಸೆಪ್ಟೆಂಬರಿನಲ್ಲಿ ಬರುವುದಾದರೆ ಮೊದಲೇ ತಿಳಿಸಿ. ಬೆಳಿಗ್ಗೆ ಮುಂಡರಗಿ ನೋಡಿ, ಮಧ್ಯಾಹ್ನದ ಊಟಕ್ಕೆ ಅಳವಂಡಿಯ ನಮ್ಮ ಬೀಗರ ಮನೆಗೆ ಹೋಗೋಣ.