ಬೇಸಿಗೆ ರಜೆಯಲ್ಲಿ 6 ಮತ್ತು 9 ವರ್ಷದ ಮಕ್ಕಳಿಗೆ ದುಡ್ಡು, ವ್ಯಾಪಾರದ ಲೆಕ್ಕ ಕಲಿಸುವುದು ಹೇಗೆ? ನಾವಿರುವುದು ಕಾರವಾರದಲ್ಲಿ.

ಬ್ಯಾಂಕು, ಬಡ್ಡಿ, ಉಳಿತಾಯ ಅಂತ ಶುರು ಮಾಡಬೇಡಿ. 6 ವರ್ಷದ ಮಗುವಿಗೆ ಕಣ್ಣಿಗೆ ಕಾಣದ ದುಡ್ಡು ದುಡ್ಡೇ ಅಲ್ಲ. ಹಾಗಾಗಿ ಒಂದು ತಿಂಗಳ ಮಟ್ಟಿಗಾದರೂ ಪೇಟೆಗೆ ಹೋಗುವಾಗ ಫೋನ್‌ಪೇ ಬಿಟ್ಟು ನೋಟು, ಚಿಲ್ಲರೆ ಒಯ್ಯಿರಿ.

ಸಣ್ಣದಕ್ಕೆ ಭಾನುವಾರದ ಸಂತೆ ಸಾಕು. ಕೈಗೆ 50 ರೂಪಾಯಿ ಕೊಟ್ಟು ಹರಿವೆ, ಸೌತೆ, ಬಾಳೆಹಣ್ಣು ಮೂರೂ ತರಲು ಹೇಳಿ. ದುಡ್ಡು ಸಾಲದಿದ್ದರೆ ಯಾವುದನ್ನು ಬಿಡುವುದು ಅಂತ ಅದೇ ತೀರ್ಮಾನಿಸಲಿ. ಪಾಪ ಅನ್ನಿಸಿ ನೀವು ಹತ್ತು ರೂಪಾಯಿ ಸೇರಿಸಿದಿರೋ, ಪಾಠ ಅಲ್ಲಿಗೇ ಮುಗಿಯಿತು. ಬೆಳಿಗ್ಗೆ ಬೇಗ ಹೋಗಿ. ನೂಕುನುಗ್ಗಲಲ್ಲಿ ಮಗು ಚಿಲ್ಲರೆ ಎಣಿಸುವವರೆಗೆ ಕಾಯುವ ತಾಳ್ಮೆ ಯಾರಿಗಿರುತ್ತದೆ?

ದೊಡ್ಡದನ್ನು ಮೀನು ಪೇಟೆಗೆ ಕರೆದೊಯ್ಯಿರಿ. ವಾರಕ್ಕೊಮ್ಮೆ ಒಂದೇ ಪ್ರಶ್ನೆ: 100 ರೂಪಾಯಿಗೆ ಎಷ್ಟು ಬಂಗಡೆ? ಮೇ ತಿಂಗಳಿಂದ ಬರೆದಿಡಲು ಹೇಳಿ, ಜೂನ್ ಮುಗಿಯುವವರೆಗೆ ಬಿಡಬೇಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಸಿಗುವುದು ನಾಡದೋಣಿಯವರ ಮೀನು, ಇಲ್ಲವೇ ಹೊರಗಿಂದ ಐಸ್ ಹಾಕಿ ಬಂದದ್ದು. ಪುಸ್ತಕದಲ್ಲಿ ಮೀನಿನ ಸಂಖ್ಯೆ ಇಳಿಯುತ್ತದೆ. ಸಂಖ್ಯೆ ಇಳಿದರೆ ದರ ಏರಿತು ಎಂಬುದು ಮಕ್ಕಳಿಗೆ ಮೊದಲು ಉಲ್ಟಾ ಕಾಣುತ್ತದೆ, ಕೂತು ಬಿಡಿಸಿ ಹೇಳಬೇಕು. ಮೀನಿನ ಗಾತ್ರವನ್ನೂ ಬರೆಸಿ. ಇಲ್ಲವಾದರೆ ಗೇಣುದ್ದದ 4ಕ್ಕೂ ಬೆರಳುದ್ದದ 10ಕ್ಕೂ ಹೋಲಿಕೆ ಹಾಕಿ ಲೆಕ್ಕ ಕೆಡುತ್ತದೆ.

ಇನ್ನು ಸ್ವಂತ ವ್ಯಾಪಾರ. ನನ್ನ ಆಯ್ಕೆ ಮುರುಗಲು (ಕೋಕಂ) ಪಾನಕ, ಏಪ್ರಿಲ್-ಮೇಯಲ್ಲೇ ಹಣ್ಣು. ಬೀಜ ತೆಗೆದ ಸಿಪ್ಪೆ ಅರ್ಧ ಕೆಜಿ, ಸಕ್ಕರೆ 1 ಕೆಜಿ, ಗಾಜಿನ ಭರಣಿಯಲ್ಲಿ ಪದರ ಪದರವಾಗಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಒಂದು ವಾರ ಬಿಸಿಲಿಗಿಡಿ. ಹುಳಿ ಜೋರು, ಅಲ್ಯೂಮಿನಿಯಂ ಪಾತ್ರೆ ಬೇಡ. ಭರಣಿಯಲ್ಲಿ ನೀರಿನ ಪಸೆಯಿದ್ದರೆ ನೊರೆ ಬಂದು ಹಾಳಾಗುತ್ತದೆ. ಗ್ಲಾಸಿಗೆ ಒಂದು ಪಾಲು ರಸ, ಐದು ಪಾಲು ನೀರು.

ಲೆಕ್ಕ ಹೀಗೆ ಬರೆಸಿ (ದರ ನಿಮ್ಮಲ್ಲಿ ಬೇರೆಯಿರಬಹುದು): ಹಣ್ಣು 40, ಸಕ್ಕರೆ 45, 30 ಪೇಪರ್ ಗ್ಲಾಸಿಗೆ 30, ಐಸ್ 20. ಒಟ್ಟು 135. ಗ್ಲಾಸಿಗೆ 10 ರೂಪಾಯಿಯಂತೆ ಮೂವತ್ತೂ ಹೋದರೆ 300, ಉಳಿಯುವುದು 165. ಮಕ್ಕಳು ಸಾಮಾನ್ಯವಾಗಿ 300ನ್ನೇ ಲಾಭ ಅಂದುಕೊಳ್ಳುತ್ತವೆ. ಖರ್ಚಿನ 135ನ್ನು ಬೇರೆ ಡಬ್ಬಿಗೆ ಹಾಕಿಸಿ, ಆಮೇಲೆ ಎಣಿಸಲಿ. ಆದರೆ ನಿಜವಾದ ಪಾಠ ಬರೀ 12 ಗ್ಲಾಸ್ ಹೋದ ದಿನದ್ದು. ಕೈಗೆ ಬಂದದ್ದು 120, 15 ಕಡಿಮೆ. ಆದರೆ ಭರಣಿಯ ರಸ, ಉಳಿದ 18 ಗ್ಲಾಸ್ ನಾಳೆಗೂ ಬರುತ್ತವೆ. ನೀರು ಬೆರೆಸಿಟ್ಟ ಪಾನಕ, ಕರಗಿದ ಐಸ್ ಮಾತ್ರ ಹೋದ ಹಾಗೇ. ಒಟ್ಟಿಗೇ ಬೆರೆಸಿಡಬಾರದು ಅಂತ ಎರಡನೇ ದಿನ ಅವರಿಗೇ ಹೊಳೆಯುತ್ತದೆ. ನೀವು ಮೊದಲೇ ಹೇಳಿಬಿಡಬೇಡಿ.

ನೆಂಟರು ಬಂದು 50 ಕೊಟ್ಟು "ಚಿಲ್ಲರೆ ಇಟ್ಕೊ ಮಗಾ" ಅನ್ನುವುದನ್ನು ತಡೆಯಿರಿ. ಕುಡಿದು "ಆಮೇಲೆ ಕೊಡ್ತೆ" ಅಂದವರ ಹೆಸರು ಉದ್ರಿ ಪುಸ್ತಕಕ್ಕೆ ಹೋಗಲಿ, ವಸೂಲಿಯೂ ಮಕ್ಕಳದ್ದೇ.

ಅಂಗಡಿಯವರ ಹತ್ತಿರ "ಲಾಭ ಎಷ್ಟು?" ಅಂತ ಕೇಳಿಸಬೇಡಿ, ಯಾರೂ ಹೇಳುವುದಿಲ್ಲ. "ನಿನ್ನೆ ಉಳಿದ ಕೊತ್ತಂಬರಿ ಏನು ಮಾಡಿದ್ರಿ?" ಅಂತ ಕೇಳಿದರೆ ಹತ್ತು ನಿಮಿಷ ಮಾತಾಡುತ್ತಾರೆ.

ಶಿರಸಿಗೆ ಹೋಗುವುದಿದ್ದರೆ ಅಡಿಕೆ ವ್ಯಾಪಾರ ನಡೆಯುವಲ್ಲಿಗೂ ಕರೆದೊಯ್ಯಿರಿ. ಒಂದೇ ತೋಟದ ಅಡಿಕೆ, ಆದರೆ ಚಾಲಿಗೆ (ಹಣ್ಣಡಿಕೆ ಒಣಗಿಸಿ ಸುಲಿದದ್ದು) ಒಂದು ದರ, ರಾಶಿಗೆ (ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದ್ದು) ಇನ್ನೊಂದು, ಕೋಕಕ್ಕೆ (ಕೆಳದರ್ಜೆಯದು) ಮತ್ತೊಂದು. ಯಾಕೆ ಅಂತ ದೊಡ್ಡದು ಕೇಳಿಯೇ ಕೇಳುತ್ತದೆ. ಸಣ್ಣದು ಮಾತ್ರ ಐದು ನಿಮಿಷಕ್ಕೆ ಐಸ್‌ಕ್ರೀಮ್ ಬೇಕು ಅನ್ನುತ್ತದೆ.