ಎಕ್ಕದ ಬೇರಿಗೆ ಕೈ ಹಾಕಬೇಡಿ

ಮಾನ್ಯರೇ,

ಹಿರಿಯೂರು ಕಡೆಯ ನಿಮ್ಮ ಹೊಲದ ಬದುವಿನಲ್ಲಿದ್ದ ಬಿಳಿ ಎಕ್ಕವನ್ನು ಯಾರೋ ರಾತ್ರೋರಾತ್ರಿ ಬುಡಸಮೇತ ಕಿತ್ತೊಯ್ದರೆಂದು ಬರೆದಿದ್ದೀರಿ. ಬೇರಿನಲ್ಲಿ ಗಣಪತಿ ಮೂಡುವುದು ನಿಜವೇ, ಮಕ್ಕಳ ಕಣ್ಣಿಗೆ ಹಾಲು ಸಿಡಿದೀತೆಂದು ಉಳಿದ ಎಕ್ಕಗಳನ್ನೂ ಕಡಿಸಲೇ ಎಂದು ಕೇಳಿದ್ದೀರಿ.

ಬಿಳಿ ಎಕ್ಕ ಬೇರೆ ಜಾತಿಯಲ್ಲ. ನೇರಳೆ ಹೂವಿನ ಎಕ್ಕವೇ ಅದು, ಹೂವಿಗೆ ಬಣ್ಣ ಕೂಡಿಲ್ಲ, ಅಷ್ಟೆ. ಬೇರು ಸೊಟ್ಟಪಟ್ಟ ಬೆಳೆಯುವುದರಿಂದ ಎಲ್ಲೋ ಒಂದು ಕಡೆ ಸೊಂಡಿಲಿನ ಆಕಾರ ಕಾಣಬಹುದು. ಕಣ್ಣು, ಕಿವಿ, ಹೊಟ್ಟೆ ಮೂಡಿಸುವುದು ಉಳಿ. ರಥಸಪ್ತಮಿಯ ಸ್ನಾನಕ್ಕೆ ಏಳು ಎಲೆ ಕೊಯ್ದರೆ ಗಿಡಕ್ಕೆ ಏನೂ ಆಗುವುದಿಲ್ಲ. ಹನುಮಂತನಿಗೆ ಹಾರ ಕಟ್ಟಿದರೂ ಅಷ್ಟೆ. ಭಕ್ತಿಯ ಹೆಸರಿನಲ್ಲಿ ಇನ್ನೊಬ್ಬರ ಹೊಲ ಅಗೆಯುವುದು ಕಳ್ಳತನ, ಬೇರೆ ಮಾತಿಲ್ಲ.

ಹಾಲಿನ ವಿಷಯದಲ್ಲಿ ನಿಮ್ಮ ಭಯ ಸರಿ. ಕಣ್ಣಿಗೆ ಬಿದ್ದರೆ ಎಷ್ಟೋ ಸಲ ನೋವೇ ಇಲ್ಲದೆ ದೃಷ್ಟಿ ಮಂಜಾಗುತ್ತದೆ. ನೋವಿಲ್ಲವೆಂದು ಸುಮ್ಮನಿರಬೇಡಿ, ಧಾರಾಳವಾಗಿ ನೀರು ಹಾಕಿ ತೊಳೆದು ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ. ಮಕ್ಕಳು ಆಡುವ ಅಂಗಳದಲ್ಲಿ ಎಕ್ಕವಿದ್ದರೆ ತೆಗೆಸಿ.

ಬದುವಿನದನ್ನು ಮಾತ್ರ ದಯವಿಟ್ಟು ಬಿಡಿ. ಒಂದು ಹೂವನ್ನು ಹತ್ತಿರದಿಂದ ನೋಡಿ: ಮೇಣದಲ್ಲಿ ಎರಕ ಹೊಯ್ದಂಥ ಐದು ದಳ, ನಡುವೆ ಐದು ಮೂಲೆಯ ಕಿರೀಟ. ಪರಾಗ ಇಲ್ಲಿ ಪುಡಿಯಾಗಿ ಉದುರುವುದಿಲ್ಲ, ಜೋಡಿ ಉಂಡೆಗಳಾಗಿ ಪುಟ್ಟ ಕೊಕ್ಕೆಗೆ ಅಂಟಿರುತ್ತದೆ. ಮಕರಂದಕ್ಕೆ ಬಂದ ದೊಡ್ಡ ಕಪ್ಪು ದುಂಬಿಯ ಕಾಲು ಸಂದಿಗೆ ಸಿಕ್ಕಿ, ಅದು ಎಳೆದುಕೊಂಡಾಗ ಕೊಕ್ಕೆ ಉಂಡೆಗಳ ಜೋಡಿ ಸಮೇತ ಕಿತ್ತುಬಂದು ಮುಂದಿನ ಹೂವಿಗೆ ಹೋಗುತ್ತದೆ. ಎಲೆ ಮಗುಚಿದರೆ ಕಪ್ಪು, ಹಳದಿ, ಬಿಳಿ ಪಟ್ಟೆಯ ಹುಳು ಸಿಕ್ಕೀತು. ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಗಿಡದ ವಿಷವನ್ನೇ ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳಿಂದ ಪಾರಾಗುತ್ತದೆ.

ನಾರಿನ ಮಾತನ್ನು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕಡ್ಡಿಯನ್ನು ಬಾಡಿಸಿ ತೊಗಟೆ ಸುಲಿದರೆ ಒಳಗೆ ಬೆಳ್ಳನೆಯ, ರೇಷ್ಮೆಯ ಹೊಳಪಿನ ಎಳೆ. ಹಿಂದೆ ಬಿಲ್ಲಿನ ಹೆದೆಗೂ ಮೀನಿನ ಬಲೆಗೂ ಇದರ ಹುರಿ ಬಳಸುತ್ತಿದ್ದರು. ನೀರು ಕಾಣದ ಕಲ್ಲುಭೂಮಿಯಲ್ಲಿ, ಆಡು ಕೂಡ ಮೂಸಿ ಬಿಡುವ ಗಿಡದಲ್ಲಿ ಇಂಥ ನಾರು!

ಊರಲ್ಲಿ ಇನ್ನೊಂದು ಬಿಳಿ ಎಕ್ಕವಿದ್ದರೆ ಬಲಿತ ಕಡ್ಡಿಯೊಂದನ್ನು ಕೇಳಿ ತನ್ನಿ. ಕತ್ತರಿಸುವಾಗ ಕೈಗವಸು ಇರಲಿ. ಹಾಲು ಒಣಗಿದ ಮೇಲೆ, ಮುಂಗಾರಿನ ಹದ ನೋಡಿ ನೆಡಿ. ಬೀಜದ ಗಿಡ ಬಿಳಿ ಹೂವನ್ನೇ ಬಿಡಬೇಕೆಂದಿಲ್ಲ. ಕಡ್ಡಿಯ ಗಿಡ ತಾಯಿಯಂತೆಯೇ ಬರುತ್ತದೆ.

– ಸಂ.